ಸೊನ್ನೆಗೂ ಒಂದು ಸಾಲು

ಇಲ್ಲದ ತಪ್ಪನ್ನು ಮೇಷ್ಟ್ರು ಕಾಲು ಗಂಟೆ ಹುಡುಕಿದರು. ಅವರಿಗೂ ಹಲ್ಲಿನ ಡಾಕ್ಟರಿಗೂ ಪರಿಚಯ ಶುರುವಾದದ್ದೇ ಹಾಗೆ.

ಲೈಬ್ರರಿಯ ನೆಲಮಾಳಿಗೆಯಲ್ಲಿ ಪ್ರತಿ ಮಂಗಳವಾರ ಸಂಜೆ ನಡೆಯುವ ಕಂಪ್ಯೂಟರ್ ಕ್ಲಾಸು ಅದು. ಶಾಲೆ ಬಿಟ್ಟು ಎಷ್ಟೋ ಕಾಲವಾದ ದೊಡ್ಡವರಿಗೆ ಅಂತಲೇ ಇಟ್ಟದ್ದು. ಎಂಟು ವಾರದ ಕೋರ್ಸು, ಕಲಿಯುವವರು ಮೂರೇ ಜನ. ಒಬ್ಬರು ಬೇಕರಿಯವರು, ಒಬ್ಬಳು ಟೈಲರ್ ಅಕ್ಕ, ಮೂರನೆಯವಳು ಹಲ್ಲಿನ ಡಾಕ್ಟರ್. ಹೇಳಿಕೊಡುವ ಮೇಷ್ಟ್ರು ಹಗಲಲ್ಲಿ ಹೈಸ್ಕೂಲಿನಲ್ಲಿ ಗಣಿತದ ಪಾಠ ಮಾಡುತ್ತಿದ್ದರು. ಅಲ್ಲಿ ಮಕ್ಕಳ ಮುಂದೆ ಗುಡುಗಿ, ಇಲ್ಲಿ ದೊಡ್ಡವರ ಮುಂದೆ ನಾಚಿಕೊಳ್ಳುವುದು ಅವರ ಸ್ವಭಾವ.

ಮೊದಲ ದಿನವೇ ಬೋರ್ಡಿನ ಮೇಲೆ ಪುಟ್ಟದೊಂದು ಪ್ರೋಗ್ರಾಂ ಬರೆದು, ನೋಡಿಕೊಂಡು ಟೈಪ್ ಮಾಡಿ ಅಂದರು.

"ಇದು ಏಳು ಸಂಖ್ಯೆ ಕೇಳುತ್ತೆ. ನೀವು ಐದು ಅಂತ ಕೊಟ್ರೆ ಐದು ಸ್ಟಾರ್ ಇರೋ ಒಂದು ಸಾಲು ಬರುತ್ತೆ. ಮೂರು ಅಂದ್ರೆ ಮೂರು. ಸಾಲುಗಳೆಲ್ಲ ಒಂದರ ಕೆಳಗೊಂದು ನಿಂತ್ರೆ ಅದಕ್ಕೆ ಹಿಸ್ಟೋಗ್ರಾಂ ಅಂತಾರೆ. ಹೆಸರು ದೊಡ್ಡದು, ಒಳಗಿರೋದು ಇಷ್ಟೇ. ಹೋದ ವಾರ ದಿನಕ್ಕೆ ಎಷ್ಟು ಸಲ ನಕ್ಕಿದ್ರಿ ಅಂತ ಹಾಕಿ, ನೋಡೋಣ."

ಬೇಕರಿಯವರು ನಗುವನ್ನು ಬಿಟ್ಟು, ದಿನಕ್ಕೆಷ್ಟು ಬನ್ನು ಖರ್ಚಾಯಿತು ಅಂತ ಹಾಕಿದರು. ನಾನೂರ ಐವತ್ತು ಸ್ಟಾರುಗಳು ಪರದೆಯ ತುಂಬ ಇರುವೆ ಸಾಲಿನ ಹಾಗೆ ಹರಿದವು. "ಅಯ್ಯಯ್ಯೋ, ಇದನ್ನ ನಿಲ್ಸೋದು ಹೇಗೆ ಮೇಷ್ಟ್ರೇ?" ಅಂತ ಅವರು ಕೀಬೋರ್ಡಿನಿಂದ ಕೈ ಎತ್ತಿ ಹಿಂದೆ ಸರಿದರು. ಟೈಲರ್ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು, ಆ ನಗುವಿಗೂ ಒಂದು ಸ್ಟಾರ್ ಸೇರಿಸಿಕೊಂಡಳು.

ಡಾಕ್ಟರ್ ಪರದೆ ಮಾತ್ರ ಖಾಲಿಯಿತ್ತು. ಎಡಗಡೆ ಒಂದರಿಂದ ಏಳರವರೆಗೆ ಅಂಕೆಗಳು, ಬಲಗಡೆ ಏನೂ ಇಲ್ಲ.

ಮೇಷ್ಟ್ರು ಬಗ್ಗಿ ನೋಡಿದರು. ಲೂಪ್ ಸರಿಯಿದೆ. ಬ್ರಾಕೆಟ್ ಸರಿಯಿದೆ. ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು. ತಲೆ ಕೆರೆದುಕೊಂಡು ಒಂದೊಂದೇ ಸಾಲನ್ನು ಬೋರ್ಡಿನ ಜೊತೆ ತಾಳೆ ಹಾಕಿದರು. ಅವಳು ಕೈಕಟ್ಟಿ ಕೂತು ನೋಡುತ್ತಿದ್ದಳು.

"ತಪ್ಪೇ ಸಿಗ್ತಿಲ್ವಲ್ಲ ಡಾಕ್ಟ್ರೇ."

"ತಪ್ಪಿದೆ ಅಂತ ನಾನು ಹೇಳ್ಲೇ ಇಲ್ಲ."

"ಮತ್ತೆ ಸ್ಟಾರ್ ಯಾಕೆ ಬಂದಿಲ್ಲ?"

"ಸೊನ್ನೆ ಹಾಕಿದೀನಿ. ಏಳಕ್ಕೂ."

ಮೇಷ್ಟ್ರು ಅವಳ ಮುಖ ನೋಡಿದರು. ಅಲ್ಲಿ ದುಃಖವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಹವಾಮಾನ ಹೇಳುವವರ ಮುಖದಂತಿತ್ತು. ಕಿವಿಯ ತುದಿ ಕೆಂಪಗಾಗಿ, "ಸರಿಯಾಗಿದೆ. ಪ್ರೋಗ್ರಾಂ ಸರಿಯಾಗಿದೆ," ಅಂದು ಬೇಕರಿಯವರ ಕಡೆ ಓಡಿದರು.

ಅವಳ ಗಂಡ ಹೋಗಿ ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಏಳಲಿಲ್ಲ, ಅಷ್ಟೇ. ಅವಳು ಅಳಲಿಲ್ಲ. ಮುಂದಿನ ವಾರ ಕ್ಲಿನಿಕ್ ತೆರೆದಳು. ಜನ ಗಟ್ಟಿಗಿತ್ತಿ ಅಂದರು. ಕೆಲವರು ಕಲ್ಲುಗುಂಡಿಗೆ ಅಂದರು. ಎರಡೂ ಅವಳ ಕಿವಿಗೆ ಬಿದ್ದವು, ಎರಡೂ ತಾಗಲಿಲ್ಲ. ಹಲ್ಲಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಅವಳು ಎಲ್ಲರಿಗೂ ಹೇಳುವ ಮಾತೊಂದಿತ್ತು: "ಎರಡು ಗಂಟೆ ಬಿಸಿ ಏನೂ ಕುಡೀಬೇಡಿ, ಸುಟ್ರೂ ಗೊತ್ತಾಗಲ್ಲ." ತನ್ನದೂ ಅದೇ ಕೇಸು, ಆದರೆ ಎರಡು ಗಂಟೆ ಎರಡು ವರ್ಷವಾಗಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಬದಲಾಗಿರಲಿಲ್ಲ.

ಕ್ಲಾಸಿಗೆ ಹೆಸರು ಬರೆಸಿದ್ದು ಅತ್ತೆ. ಗಂಡನ ತಾಯಿ, ಈಗ ಮನೆಯಲ್ಲಿ ಉಳಿದಿದ್ದ ಇನ್ನೊಂದು ಜೀವ. ಅಳುವುದರಲ್ಲಿ ಆಕೆ ಧಾರಾಳಿ. ಟಿವಿ ಧಾರಾವಾಹಿಯ ನೆಪದಲ್ಲಿ ಮಗನಿಗಾಗಿ ಸಮೃದ್ಧವಾಗಿ ಅತ್ತು, ಮೂಗು ಒರೆಸಿಕೊಂಡು, ಹೊಟ್ಟೆತುಂಬ ಊಟ ಮಾಡಿ ಮಲಗುತ್ತಿದ್ದಳು.

"ನೀನು ಅಳಲ್ಲ ಅಂತ ನಂಗೆ ಸಿಟ್ಟಿಲ್ಲ ಕಣೇ," ಅಂದಿದ್ದಳು ಅತ್ತೆ. "ಒಬ್ಬೊಬ್ಬರದು ಒಂದೊಂದು ರೀತಿ. ಆದ್ರೆ ನನ್ನ ಎದುರಿಗೆ ದಿನಾ ಗೋಡೆ ಥರ ಕೂತ್ಕೋತೀಯಲ್ಲ, ಅದಕ್ಕೆ ಸಿಟ್ಟು. ಹೋಗು, ನಾಲ್ಕು ಜನ ಇರೋ ಕಡೆ ಹೋಗಿ ಏನಾದ್ರೂ ಕಲಿ."

"ಕಂಪ್ಯೂಟರ್ ಕಲಿತು ಏನ್ ಮಾಡ್ಲಿ ಅತ್ತೆ?"

"ನಂಗೇನು ಗೊತ್ತು. ಹೊಲಿಗೆ ಕ್ಲಾಸು ಭರ್ತಿಯಾಗಿತ್ತು."

ಹಾಗೆ ಅವಳು ಹೋದದ್ದು. ವಾದ ಮಾಡುವುದಕ್ಕಿಂತ ಹೋಗಿ ಬರುವುದು ಸುಲಭವಾಗಿತ್ತು.

ಮೂರನೆಯ ವಾರ ಮೇಷ್ಟ್ರು ತಾವೇ ಮಾಡಿದ ಒಂದು ಸ್ಪೆಲ್ಲಿಂಗ್ ತಪ್ಪಿಗೆ ಬಾಯಿ ತೆರೆದು ನಕ್ಕರು. ಜನರ ಕಣ್ಣು ನೋಡುವ ಅಭ್ಯಾಸ ಡಾಕ್ಟರಿಗೆ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಅವಳ ನೋಟ ನೇರವಾಗಿ ಬಾಯಿಗೇ ಹೋಗುತ್ತಿತ್ತು. ಮೇಷ್ಟ್ರ ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲಿಗೆ ಒರಗಿಕೊಂಡಿತ್ತು. ಬಸ್ಸಿನಲ್ಲಿ ನಿದ್ದೆ ಹೋದವರು ಒರಗುತ್ತಾರಲ್ಲ, ಹಾಗೆ.

ಅವಳು ನೋಡುವುದನ್ನು ಮೇಷ್ಟ್ರು ನೋಡಿದರು. ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು.

"ಹುಳುಕಾ?"

"ಇಲ್ಲ."

"ಮತ್ತೆ ಹಾಗೆ ನೋಡಿದ್ರಿ?"

"ಸೊಟ್ಟಗಿದೆ. ಸೊಟ್ಟಗಿರೋದು ಕಾಯಿಲೆ ಅಲ್ಲ. ಕೈ ತೆಗೀರಿ."

ಅವರು ಕೈ ತೆಗೆದರು. ಕಿವಿಯಿಂದ ಶುರುವಾದ ಕೆಂಪು ಕತ್ತಿನವರೆಗೂ ಇಳಿಯಿತು. ನಲವತ್ತು ದಾಟಿದ ಗಂಡಸು ಇಷ್ಟು ಕೆಂಪಾಗುವುದನ್ನು ಅವಳು ನೋಡಿರಲಿಲ್ಲ. ಆ ರಾತ್ರಿ ಹಲ್ಲುಜ್ಜುವಾಗ ಆ ಒರಗಿದ ಹಲ್ಲು ಒಂದು ಸಲ ನೆನಪಾಯಿತು. ಆಮೇಲೆ ಮಲಗಿದಳು.

ಐದನೆಯ ವಾರ ಕ್ಲಾಸು ಮುಗಿದ ಮೇಲೆ ಇಬ್ಬರೂ ಬೇಕರಿಯ ಮೂಲೆಯ ಮೇಜಿನಲ್ಲಿ ಕಾಫಿ ಕುಡಿದರು. ಮೇಷ್ಟ್ರಿಗೆ ಮದುವೆ ಒಂದು ಸಲ ಆಗಿ, ಒಂದು ಸಲ ಮುಗಿದಿತ್ತು. "ಜಗಳ ಏನಿಲ್ಲ. ಅವಳಿಗೆ ನನ್ನ ಜೊತೆ ಬೇಜಾರಾಯ್ತು. ನಂಗೂ ನನ್ನ ಜೊತೆ ಬೇಜಾರಾಗ್ತಿತ್ತು, ಅದಕ್ಕೆ ತಪ್ಪು ಅನ್ನಿಸಲಿಲ್ಲ," ಅಂದರು. ಅವಳು ತನ್ನ ಗಂಡನ ವಿಷಯ ಹೇಳಿದಳು. ಶೂ ಲೇಸಿನ ವಿಷಯ ಕೂಡ. ಯಾರಿಗೇ ಹೇಳಿದರೂ ಅವರ ಮುಖ ಸಪ್ಪಗಾಗಿ, ಅವರನ್ನು ಇವಳೇ ಸಮಾಧಾನ ಮಾಡಬೇಕಾಗುತ್ತಿತ್ತು. ಮೇಷ್ಟ್ರು ಮಾತ್ರ, "ಎರಡು ಲೇಸಲ್ಲಿ ಎಷ್ಟು ಕಟ್ಟಿದ್ರು?" ಅಂತ ಕೇಳಿದರು.

"ಒಂದು," ಅಂದಳು. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಾಫಿ ಲೋಟದ ಮೇಲೆ ತನ್ನ ಬೆರಳುಗಳು ಬೆಚ್ಚಗಾಗಿರುವುದು ಅವಳಿಗೆ ಆಗ ಗೊತ್ತಾಯಿತು. ಲೋಟವನ್ನು ಇನ್ನೊಂದು ಕೈಗೆ ಬದಲಿಸಿ ಹಿಡಿದಳು.

ಆರನೆಯ ವಾರ ಅವಳಿಗೆ ಕ್ಲಾಸಿಗೆ ಹೋಗಲಾಗಲಿಲ್ಲ. ದವಡೆ ಊದಿಕೊಂಡು ಬಾಯಿ ತೆರೆಯಲಾಗದ ಒಬ್ಬರು ಸಂಜೆ ಕ್ಲಿನಿಕ್ಕಿಗೆ ಬಂದುಬಿಟ್ಟರು. ಕೀವು ತೆಗೆದು, ಹೊಲಿಗೆ ಹಾಕಿ, ಕೈ ತೊಳೆಯುತ್ತಾ ಗಡಿಯಾರ ನೋಡಿದಳು. ಈಗ ಮೇಷ್ಟ್ರು ಬೋರ್ಡು ಒರೆಸುತ್ತಿರಬಹುದು. ಡಸ್ಟರು ಕೈ ಜಾರಿ ಬಿದ್ದಿರಬಹುದು. ಪ್ರತಿ ವಾರ ಬೀಳುತ್ತದೆ. ಹೀಗೆಲ್ಲ ಯೋಚಿಸುತ್ತಾ ನಲ್ಲಿ ನಿಲ್ಲಿಸುವುದನ್ನೇ ಮರೆತಿದ್ದಳು.

ಏಳನೆಯ ವಾರ ಮೇಷ್ಟ್ರು ಒಂದು ಸುದ್ದಿ ತಂದರು. ಬೇರೆ ಊರಿನ ದೊಡ್ಡ ಶಾಲೆಯೊಂದು ಅವರನ್ನು ಕರೆದಿದೆ. ರೈಲಿನಲ್ಲಿ ಒಂದು ರಾತ್ರಿಯ ದಾರಿ. ಮುಂದಿನ ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

"ಹೋಗ್ತೀರಾ?" ಟೈಲರ್ ಅಕ್ಕ ಕೇಳಿದಳು.

"ನೋಡ್ಬೇಕು," ಅಂದರು. ನೋಡಿದ್ದು ಮಾತ್ರ ಡಾಕ್ಟರ್ ಕಡೆಗೆ. ಅದೂ ಕನ್ನಡಕದ ಮೇಲಿನಿಂದ, ಕ್ಷಣ ಮಾತ್ರ. ಟೈಲರ್ ಅಕ್ಕ ಬೇಕರಿಯವರ ಕಾಲು ತುಳಿದಳು. ಬೇಕರಿಯವರು "ಅಯ್ಯೋ ಏನಕ್ಕಾ!" ಅಂತ ಕೂಗಿ ಎಲ್ಲ ಕೆಡಿಸಿದರು.

ಎಂಟನೆಯ ವಾರ, ಕೊನೆಯ ಕ್ಲಾಸು. ಉಳಿದವರು ಹೊರಟ ಮೇಲೆ ಮೇಷ್ಟ್ರು ಅವಳನ್ನು ತಮ್ಮ ಕಂಪ್ಯೂಟರಿನ ಮುಂದೆ ಕೂರಿಸಿದರು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಬಾಯಲ್ಲಿ ಕೇಳೋ ಧೈರ್ಯ ನಂಗಿಲ್ಲ ಡಾಕ್ಟ್ರೇ. ಅದಕ್ಕೆ ಒಂದು ಪ್ರೋಗ್ರಾಂ ಬರೆದಿದೀನಿ. ನೀವು ನಿಜ ಹಾಕ್ಬೇಕು, ಅಷ್ಟೇ. ನಂಗೆ ಬೇಜಾರಾಗುತ್ತೆ ಅಂತ ಜಾಸ್ತಿ ಹಾಕ್ಬೇಡಿ."

"ನಾನು ಹಾಗೆಲ್ಲ ಹಾಕಲ್ಲ."

"ಗೊತ್ತು. ಅದೇ ಭಯ."

ಇಷ್ಟು ಹೇಳಿ, ಕಿಟಕಿಯ ಕಡೆ ಹೋಗಿ ಬೆನ್ನು ಹಾಕಿ ನಿಂತರು. ನೆಲಮಾಳಿಗೆಯ ಕಿಟಕಿಯಲ್ಲಿ ಕಾಣುವುದು ಹಾದು ಹೋಗುವವರ ಪಾದ ಮಾತ್ರ. ಅವರು ಅದನ್ನೇ ಬಹಳ ಆಸಕ್ತಿಯಿಂದ ನೋಡಿದರು.

ಪರದೆಯ ಮೇಲೆ ಪ್ರಶ್ನೆ ಬಂತು: "ಈ ಎಂಟು ವಾರದಲ್ಲಿ, ವಾರವಾರ ನಾನು ನಿಮಗೆ ಎಷ್ಟು ನೆನಪಾದೆ? ಹತ್ತರೊಳಗೆ ಒಂದು ಸಂಖ್ಯೆ ಕೊಡಿ. ಮೊದಲ ವಾರ?"

ಅವಳಿಗೆ ಅರ್ಥವಾಯಿತು. ಇದಕ್ಕೆ ತಾನು ಕೊಡುವ ಉತ್ತರದ ಮೇಲೆ ಶುಕ್ರವಾರದ ಹೂಂ ಉಹೂಂ ನಿಂತಿದೆ. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಇರಲಿ. ಕೇಳಿದ್ದಕ್ಕೆ ನಿಜ ಹೇಳುವುದಷ್ಟೇ ತನ್ನಿಂದ ಆಗುವುದು. ಮೊದಲ ವಾರ ಅವರ ಪರಿಚಯವೇ ಸರಿಯಾಗಿ ಇರಲಿಲ್ಲ. ಅವಳು ಸೊನ್ನೆ ಒತ್ತಿ ಎಂಟರ್ ಒತ್ತಿದಳು.

ಪರದೆ ಒಂದು ಸಲ ಮಿಣುಕಿತು. "ಸರಿ, ಇಲ್ಲಿಗೆ ಮುಗಿಸೋಣ. ಧನ್ಯವಾದ."

ಅಷ್ಟೇ. ಮುಂದಿನ ಯಾವ ವಾರವನ್ನೂ ಅದು ಕೇಳಲಿಲ್ಲ.

ಎಂಟರ್ ಸದ್ದು ಒಂದೇ ಸಲ ಕೇಳಿದ್ದರಿಂದ ಮೇಷ್ಟ್ರು ತಿರುಗಿದರು. ಪರದೆ ನೋಡಿದರು. ಅಲ್ಲಿದ್ದದ್ದು ಒಂದು ಸೊನ್ನೆ, ಕೆಳಗೆ ತಾವೇ ಬರೆದ ಆ ಮರ್ಯಾದೆಯ ಸಾಲು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಆಯ್ತು," ಅಂದರು. "ಆಯ್ತು ಡಾಕ್ಟ್ರೇ. ಥ್ಯಾಂಕ್ಸ್."

ಮೊದಲ ದಿನದಿಂದಲೇ ಪ್ರೀತಿ ಇರಬೇಕಿತ್ತು, ಸೊನ್ನೆಯಿಂದ ಹೊರಟವರನ್ನು ಈ ಮನುಷ್ಯ ಬಾಗಿಲಲ್ಲೇ ನಿಲ್ಲಿಸುತ್ತಾರೆ ಅಂತ ಅವಳು ತಿಳಿದಳು. ಅದೂ ನ್ಯಾಯವೇ ಅನ್ನಿಸಿತು. ತನ್ನಂಥವಳನ್ನು ಕಟ್ಟಿಕೊಂಡು ಅವರಾದರೂ ಏನು ಮಾಡಬೇಕು? ಬ್ಯಾಗ್ ತೆಗೆದುಕೊಂಡು, "ಬರ್ತೀನಿ ಮೇಷ್ಟ್ರೇ," ಅಂದಳು. ಮೆಟ್ಟಿಲು ಹತ್ತುವಾಗ ಹಿಂದೆ ಡಸ್ಟರ್ ಬಿದ್ದ ಸದ್ದಾಯಿತು. ಅವಳು ನಿಲ್ಲಲಿಲ್ಲ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಇಷ್ಟು ವಾರದಲ್ಲಿ ಸೊಸೆಯ ಬಾಯಲ್ಲಿ ಮೇಷ್ಟ್ರ ಪ್ರಸ್ತಾಪ ಎಷ್ಟು ಸಲ ಬಂದಿದೆ ಅಂತ ಆಕೆಗೆ ಗೊತ್ತಿತ್ತು. ಸೊಸೆಗೆ ಗೊತ್ತಿರಲಿಲ್ಲ.

"ಏನಾದ್ರೂ ಕೇಳಿದ್ನಾ?"

"ಕೇಳಿದ್ರು."

"ನೀನೇನಂದೆ?"

"ಸೊನ್ನೆ ಅಂದೆ."

ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟಳು. "ಗಂಡಸೊಬ್ಬ ಬಾಯಿಬಿಟ್ಟು ಮನಸ್ಸಿನ ಮಾತು ಕೇಳಿದ್ರೆ ಸೊನ್ನೆ ಅಂತಾರೇನೇ? ಇಷ್ಟ ಇಲ್ಲ ಅಂತ ಹೇಳೋಕೂ ಒಂದು ರೀತಿ ಇದೆ."

"ಇಷ್ಟ ಇಲ್ಲ ಅಂತ ಹೇಳ್ಲಿಲ್ಲ ಅತ್ತೆ."

"ಹಾಗಾದ್ರೆ ಇದೆಯಾ?"

ಅವಳು ಚಪ್ಪಲಿಯನ್ನು ಜೋಡಿಸಿಟ್ಟಳು. "ಎಂಟು ವಾರದ್ದು ಹೇಳೋಣ ಅಂತ ಕೂತಿದ್ದೆ. ಒಂದಕ್ಕೇ ಮುಗಿದೋಯ್ತು," ಅಂದು ಒಳಗೆ ಹೋದಳು. ಅತ್ತೆ ಆ ದಿನ ಧಾರಾವಾಹಿ ಹಾಕಲಿಲ್ಲ. ಹಾಗೇ ಅತ್ತಳು.

ಬುಧವಾರ ಎರಡು ಹಲ್ಲು ಕಿತ್ತಳು. ಗುರುವಾರ ಒಬ್ಬ ಅಜ್ಜನಿಗೆ ಹಲ್ಲಿನ ಸೆಟ್ ಕೂರಿಸಿದಳು. ಅಜ್ಜ ಕನ್ನಡಿ ನೋಡಿಕೊಂಡು, "ಇದು ನಾನೇನಾ?" ಅಂತ ಕೇಳಿದಾಗ, "ನೀವೇ," ಅಂದಳು. ಎಲ್ಲ ಮೊದಲಿನ ಹಾಗೇ ಇತ್ತು. ಮೊದಲಿನ ಹಾಗೇ ಇದೆ ಅಂತ ಮತ್ತೆ ಮತ್ತೆ ನೋಡಿಕೊಳ್ಳಬೇಕಾಗುತ್ತಿತ್ತು, ಅದೊಂದೇ ಹೊಸದು.

ಶುಕ್ರವಾರ ಮಧ್ಯಾಹ್ನ ಬೇಕರಿಯವರು ಕೆನ್ನೆ ಹಿಡಿದುಕೊಂಡು ಬಂದರು. ತಮ್ಮದೇ ಮಾಲು ತಿಂದು ತಿಂದು ದವಡೆ ಹಲ್ಲು ಹುಳುಕಾಗಿತ್ತು. ಅವಳು ಇಂಜೆಕ್ಷನ್ ಕೊಟ್ಟು, ತುಟಿ ಮರಗಟ್ಟುವವರೆಗೆ ಕಾಯಿರಿ ಅಂದಳು. ಸುಮ್ಮನೆ ಕಾಯುವ ಜಾಯಮಾನ ಅವರದಲ್ಲ.

"ನಿಮ್ಮ ಮೇಷ್ಟ್ರಿಗೆ ಒಂದು ದೂರು ಹೇಳೋದಿತ್ತು ಡಾಕ್ಟ್ರಮ್ಮ. ನೀವು ಆರನೇ ಕ್ಲಾಸಿಗೆ ಬಂದಿರ್ಲಿಲ್ಲ. ಅವತ್ತು ಒಂದು ಹೊಸ ಉಪಾಯ ಹೇಳಿಕೊಟ್ರು. ಎಷ್ಟು ಸಂಖ್ಯೆ ಇದೆ ಅಂತ ಮೊದಲೇ ಹೇಳೋದೇ ಬೇಡ, ಕೊಡ್ತಾ ಹೋಗಿ, ಸಾಕಾದಾಗ ಸೊನ್ನೆ ಒತ್ತಿ, ಅದೇ ನಿಂತ್ಕೊಳ್ಳುತ್ತೆ ಅಂತ. ಸೊನ್ನೆ ಅಂದ್ರೆ ಸಾಕು ಅಂತ ಅರ್ಥ ಅಂತೆ."

ಅವಳ ಕೈಯಲ್ಲಿದ್ದ ಪುಟ್ಟ ಕನ್ನಡಿ ಗಾಳಿಯಲ್ಲೇ ನಿಂತಿತು.

"ನಾನು ನಿನ್ನೆ ಬನ್ನಿನ ಲೆಕ್ಕಕ್ಕೆ ಕೂತೆ," ಬೇಕರಿಯವರ ತುಟಿ ಒಂದು ಕಡೆ ಜೋತುಬೀಳಲು ಶುರುವಾಗಿತ್ತು. "ಛೋಮವಾರ ನಮ್ಮ ಅಂಗಡಿಗೆ ರಜೆ. ಛೊನ್ನೆ ಹಾಕ್ದೆ. ಅದು ನೋಡಿದ್ರೆ, ಇಲ್ಲಿಗೆ ಮುಗಿಸೋಣ ಅಂದ್ಬಿಡ್ತು! ಒಂದು ದಿನ ರಜೆ ಅಂದ್ರೆ ಅಂಗಡಿನೇ ಮುಚ್ಚಿಹೋಯ್ತು ಅಂತಾನಾ? ಮಂಗಳವಾರ ಬರಲ್ವಾ ಹಾಗಾದ್ರೆ? ನೀವೇ ಹೇಳಿ!"

ಮೇಷ್ಟ್ರು ತಿರುಗಿ ಪರದೆ ನೋಡಿದಾಗಿನ ಮುಖ ಅವಳ ಕಣ್ಣ ಮುಂದೆ ಬಂತು. ಅವರು ಓದಿದ್ದು ಮೊದಲ ವಾರದ ಅಂಕೆಯನ್ನಲ್ಲ. ಸಾಕು ಅನ್ನುವ ಮಾತನ್ನು.

"ಮರಗಟ್ಟಿತಾ?" ಅಂತ ಕೇಳಿದಳು.

"ಗಟ್ಟಿತು."

ಫಿಲ್ಲಿಂಗನ್ನು ಅವಳು ಎಂದಿನಂತೆ ಅಚ್ಚುಕಟ್ಟಾಗಿಯೇ ಮಾಡಿದಳು. ಮುಗಿಸಿ ಮಾಸ್ಕ್ ಕಿತ್ತು ಬಿಸಾಕಿ, ಬಿಳಿ ಕೋಟಿನಲ್ಲೇ ಹೊರಗೆ ಓಡಿದಳು. "ದುಡ್ಡು?" ಅಂತ ಬೇಕರಿಯವರು ಅರ್ಧ ಬಾಯಲ್ಲಿ ಕೂಗಿದ್ದು ರಸ್ತೆಯವರೆಗೂ ಕೇಳಿಸಿತು.

ಹೈಸ್ಕೂಲಿನಲ್ಲಿ ಮಕ್ಕಳು ಹೊರಟುಹೋಗಿದ್ದರು. ಕಾರಿಡಾರಿನ ನೆಲ ಒದ್ದೆಯಿತ್ತು. ಕಂಪ್ಯೂಟರ್ ಲ್ಯಾಬಿನ ಕೊನೆಯ ಬೆಂಚಿನಲ್ಲಿ ಮೇಷ್ಟ್ರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಬಿಳಿ ಕೋಟು ನೋಡಿ ಧಡಕ್ಕನೆ ಎದ್ದರು.

"ಯಾರಿಗೇನಾಯ್ತು?"

"ಆವತ್ತು ನಾನು ಸೊನ್ನೆ ಯಾಕೆ ಒತ್ತಿದೆ ಅಂತ ನೀವು ಕೇಳ್ಲೇ ಇಲ್ಲ."

ಅವರು ಪೆನ್ನಿನ ಮುಚ್ಚಳ ಹುಡುಕುವ ನೆಪ ಮಾಡಿದರು. "ಅದರಲ್ಲಿ ಕೇಳೋದೇನಿದೆ. ಸಾಕು ಅಂದ್ರಿ. ನೀಟಾಗೇ ಅಂದ್ರಿ."

"ನಾನು ಸಾಕು ಅನ್ಲಿಲ್ಲ. ಮೊದಲ ವಾರ ನಿಮ್ಮ ನೆನಪು ಬರ್ಲಿಲ್ಲ ಅಂದೆ. ಪರಿಚಯ ಇಲ್ಲದೋರು ಹೇಗೆ ನೆನಪಾಗ್ತಾರೆ? ಮುಂದಿನ ವಾರದ್ದು ಹೇಳೋಣ ಅಂತ ಕೈ ಇಟ್ಕೊಂಡೇ ಕೂತಿದ್ದೆ. ನಿಮ್ಮ ಪ್ರೋಗ್ರಾಮೇ ನನ್ನ ಆಚೆ ಕಳಿಸ್ತು."

ಮೇಷ್ಟ್ರ ಬಾಯಿ ಸ್ವಲ್ಪ ತೆರೆಯಿತು. "ಆರನೇ ಕ್ಲಾಸು..."

"ನಾನು ಬಂದಿರ್ಲಿಲ್ಲ."

ಅವರು ಹಣೆ ಚಚ್ಚಿಕೊಂಡು ಕೂತುಬಿಟ್ಟರು. "ಎಂಥ ಪೆದ್ದ ನಾನು! ಮೊದಲ ದಿನ ಏಳು ಸೊನ್ನೆ ಹಾಕಿದೋರು ನೀವು. ಇಡೀ ಊರಲ್ಲಿ ಸೊನ್ನೆ ಹಾಕೋರು ಯಾರಾದ್ರೂ ಇದ್ರೆ ಅದು ನೀವೇ. ನಿಮಗೇ ಅಂತ ಬರೆಯೋವಾಗ ಅದು ಹೊಳೀಲೇ ಇಲ್ವಲ್ಲ."

"ಯಾಕೆ ಹೊಳೀಲಿಲ್ಲ?"

"ನಂದು ಮೊದಲ ವಾರ ಹತ್ತಿತ್ತು," ಅಂದರು ಮೇಷ್ಟ್ರು, ನೆಲ ನೋಡುತ್ತಾ. "ಆ ಖಾಲಿ ಪರದೆ ಮುಂದೆ ಕೈಕಟ್ಟಿ ಕೂತಿದ್ರಲ್ಲ, ಆಗಲೇ. ಹಾಗಾಗಿ ನಿಮ್ಮದು ಕಮ್ಮಿ ಅಂದ್ರೂ ಒಂದಾದ್ರೂ ಇರುತ್ತೆ ಅನ್ನೋ ಆಸೆ."

ಅವಳು ಪಕ್ಕದ ಕುರ್ಚಿ ಎಳೆದುಕೊಂಡಳು. "ತೆಗೀರಿ ಆ ಪ್ರೋಗ್ರಾಂ."

ಬರೆದದ್ದೇ ಈ ಲ್ಯಾಬಿನಲ್ಲಿ; ಮುಂದಿದ್ದ ಕಂಪ್ಯೂಟರಿನಲ್ಲಿ ಅವರು ಅದನ್ನು ತೆಗೆದರು. ಅವಳೇ ಓದಿದಳು. ಸಂಖ್ಯೆ ಸೊನ್ನೆ ಆಗುವವರೆಗೆ ಕೇಳುತ್ತಾ ಹೋಗು ಅನ್ನುವ ಸಾಲು ಸಿಕ್ಕಿತು. ಅಲ್ಲಿದ್ದ ಸೊನ್ನೆಯನ್ನು ಅಳಿಸಿ ಮೈನಸ್ ಒಂದು ಅಂತ ಮಾಡಿದಳು. ಈಗ ಯಾರಾದರೂ ಮುಗಿಸಬೇಕೆಂದರೆ ಬೇಕಂತಲೇ ಮೈನಸ್ ಒಂದು ಒತ್ತಬೇಕು. ಸೊನ್ನೆ ಬರೀ ಸೊನ್ನೆ. ಅದಕ್ಕೂ ಒಂದು ಸಾಲು ಸಿಗುತ್ತದೆ, ಖಾಲಿ ಸಾಲು.

"ನಾನು ಆ ಕಡೆ ತಿರುಗ್ಲಾ?" ಮೇಷ್ಟ್ರು ಕೇಳಿದರು.

"ಬೇಡ. ಇಲ್ಲೇ ನೋಡಿ."

ಅವಳು ಒತ್ತುತ್ತಾ ಹೋದಳು. ಒತ್ತಿದಂತೆಲ್ಲ ಒಂದೊಂದೇ ಸಾಲು ಬಿತ್ತು.

ವಾರ ೧ |
ವಾರ ೨ |
ವಾರ ೩ | *
ವಾರ ೪ |
ವಾರ ೫ | * * 
ವಾರ ೬ | * * *

"ಆರನೇ ವಾರ ನೀವು ಬಂದೇ ಇರ್ಲಿಲ್ವಲ್ಲ," ಮೇಷ್ಟ್ರ ದನಿ ಸಣ್ಣಗಾಗಿತ್ತು.

"ಬಂದಿರ್ಲಿಲ್ಲ. ಅದಕ್ಕೇ ಮೂರು."

ವಾರ ೭ | * * 

ಮೇಷ್ಟ್ರು ಪರದೆಯನ್ನು ನೋಡಿದರು. ಹತ್ತಕ್ಕೆ ಮೂರು ದಾಟಿದ ಒಂದು ಸಾಲೂ ಅಲ್ಲಿರಲಿಲ್ಲ. "ನನ್ನ ಕ್ಲಾಸಿನ ಹುಡುಗರಿಗೆ ಇಂಥ ಮಾರ್ಕ್ಸ್ ಬಂದ್ರೆ ಅಪ್ಪ ಅಮ್ಮನ್ನ ಕರೆಸ್ತೀನಿ," ಅಂದರು. ಅನ್ನುವಾಗ ಕಣ್ಣು ಒದ್ದೆಯಾಗಿತ್ತು, ಆ ಸೊಟ್ಟ ಹಲ್ಲು ಕಾಣುತ್ತಿತ್ತು.

"ನನ್ನ ಹತ್ರ ಇರೋದು ಇಷ್ಟೇ ಮೇಷ್ಟ್ರೇ. ಜಾಸ್ತಿ ಹಾಕಿದ್ರೆ ಸುಳ್ಳಾಗುತ್ತೆ. ಇಷ್ಟಿಟ್ಕೊಂಡು ಯಾರಿಗಾದ್ರೂ ಹೂಂ ಅನ್ನಬಹುದಾ ಅಂತ ನಂಗೆ ಗೊತ್ತಿಲ್ಲ."

"ಅನ್ನಬಹುದು. ಮೂರು ಕಮ್ಮಿ ಏನಲ್ಲ."

ಕರ್ಸರ್ ಎಂಟನೆಯ ವಾರಕ್ಕಾಗಿ ಮಿಣುಕುತ್ತಾ ಕಾಯುತ್ತಿತ್ತು. ಅವಳು ಬೆರಳನ್ನು ಕೀಲಿಗಳ ಮೇಲೆ ತಂದಳು. ಆಗ ಮೇಷ್ಟ್ರು ಅವಳ ಕೈಯನ್ನು ತಡೆದರು.

"ಅದಕ್ಕಿಂತ ಮುಂಚೆ ಒಂದು ಮಾತು. ನಿಮಗೆ ಹೇಳದೆ ಇದ್ರೆ ಮೋಸ ಆಗುತ್ತೆ." ಗಂಟಲು ಸರಿಮಾಡಿಕೊಂಡರು. "ಇವತ್ತು ಶುಕ್ರವಾರ. ನೀವು ಸಾಕು ಅಂದ್ರಿ ಅಂತ... ಮಧ್ಯಾಹ್ನವೇ ಆ ಶಾಲೆಗೆ ಹೂಂ ಅಂತ ಬರೆದುಬಿಟ್ಟೆ. ತಿಂಗಳ ಕೊನೆಗೆ ಹೋಗ್ಬೇಕು."

ಅವಳು ತಲೆಯಾಡಿಸಿದಳು. ಒಳ್ಳೆಯದಾಯಿತು, ದೊಡ್ಡ ಶಾಲೆ, ಅಂತ ಹೇಳಲು ಬಾಯಿ ತೆರೆದಳು. ಎದೆಯ ಮಧ್ಯದಲ್ಲಿ ಏನೋ ಚುಚ್ಚಿತು. ಮೊದಲು ಅದೇನೆಂದು ಅವಳಿಗೆ ತಿಳಿಯಲಿಲ್ಲ. ಅಷ್ಟು ದಿನವಾಗಿತ್ತು ಅದನ್ನು ನೋಡದೆ. ಮತ್ತೆ ಚುಚ್ಚಿತು, ಈ ಸಲ ಜೋರಾಗಿ. ಉಸಿರು ಎಳೆದುಕೊಂಡರೆ ಒಳಗೆ ಹೋಗಲಿಲ್ಲ.

"ಹೋಗ್ಬೇಡ," ಅಂದಳು.

ಇಬ್ಬರಿಗೂ ಅದು ಕೇಳಿಸಿತು. ಎಂಟು ವಾರ ನೀವು ತಾವು ಅಂದ ಬಾಯಿಂದ ಬಂದ ಏಕವಚನ.

"ಏನಂದ್ರಿ?"

"ಹೋಗ್ಬೇಡ ಅಂದೆ." ಅವಳ ಕೆನ್ನೆ ಒದ್ದೆಯಾಗಿತ್ತು. ಕೈಯಿಂದ ಮುಟ್ಟಿ ನೋಡಿಕೊಂಡಳು, ಕೋಟಿನ ತೋಳಿನಿಂದ ಒರೆಸಿದಳು. ಒರೆಸಿದಷ್ಟೂ ಬಂತು. ಮುಖ ಸೊಟ್ಟಗಾಯಿತು, ಮೂಗು ಸೋರಿತು, ಗಂಟಲಿಂದ ಅವಳಿಗೇ ಪರಿಚಯವಿಲ್ಲದ ಒಂದು ಸದ್ದು ಹೊರಟಿತು. ಬೆಂಚಿನ ಅಂಚು ಹಿಡಿದುಕೊಂಡು ಅತ್ತಳು. ಶೂ ಲೇಸು ಕಟ್ಟಲು ಬಗ್ಗಿದವನಿಗಾಗಿ ಅತ್ತಳು, ತಾನು ನಡೆದು ಬಂದ ಆ ಎರಡು ವರ್ಷಕ್ಕೆ ಅತ್ತಳು, ಎದುರಿಗೆ ಕೂತಿದ್ದವನು ಹೊರಟುಹೋಗುತ್ತಾನೆ ಅಂತ ಅತ್ತಳು. ಯಾವುದು ಯಾವುದಕ್ಕೆ ಅಂತ ಬೇರೆ ಮಾಡಲು ಬರುತ್ತಿರಲಿಲ್ಲ.

"ಇದೆಲ್ಲ ನಿನಗೊಬ್ಬನಿಗೇ ಅಲ್ಲ," ಬಿಕ್ಕುತ್ತಾ ಹೇಳಿದಳು. "ತಪ್ಪು ತಿಳ್ಕೋಬೇಡ."

"ಗೊತ್ತು," ಅಂದ ಅವನು. "ಇರ್ಲಿ. ನಂಗೂ ಸ್ವಲ್ಪ ಇದೆಯಲ್ಲ, ಸಾಕು."

"ಅವರಿಗೆ ಹೂಂ ಅಂದಾಯ್ತಲ್ಲ. ಈಗೇನ್ ಮಾಡ್ತೀಯ?"

"ಉಹೂಂ ಅಂತೀನಿ. ಬೈತಾರೆ. ಬೈಸ್ಕೊಳ್ಳೋದು ಮೇಷ್ಟ್ರಿಗೇನು ಹೊಸದಾ." ಅವನು ಜೇಬಿನಲ್ಲಿ ಕರ್ಚೀಫಿಗೆ ತಡಕಾಡಿದ. ಸಿಕ್ಕಿದ್ದು ಸೀಮೆಸುಣ್ಣದ ತುಂಡು. ಸಂಕೋಚಪಟ್ಟು ಅದನ್ನು ವಾಪಸ್ ಇಟ್ಟುಕೊಂಡು, ಅವಳ ಕೈಯನ್ನೇ ಹಿಡಿದುಕೊಂಡ. ಅವನ ಅಂಗೈ ಬೆವತಿತ್ತು, ಬಿಸಿಯಿತ್ತು. ಆ ಬಿಸಿ ಅವಳಿಗೆ ಪೂರ್ತಿ ಗೊತ್ತಾಯಿತು.

ಹೊರಗೆ ಯಾರೋ ಕಾರಿಡಾರಿನ ಬಾಗಿಲುಗಳಿಗೆ ಒಂದೊಂದಾಗಿ ಬೀಗ ಹಾಕುತ್ತಾ ಬರುತ್ತಿದ್ದರು. ಅವನು ಬಗ್ಗಿ ಅವಳ ಮುಖ ನೋಡಿದ.

"ನಿಂತಿತಾ?"

"ಇಲ್ಲ. ಇನ್ನೂ ತುಂಬಾ ಇದೆ," ಅಂದಳು. "ಮನೆಗೆ ಬಾ. ಅತ್ತೆ ಎದುರಿಗೂ ಒಂದಷ್ಟು ಅಳಬೇಕು."